ಡಾಂಬರಿಗೂ ಮುಪ್ಪುಂಟು

ಊರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಣ್ಣೆತ್ತಿ ನೋಡುತ್ತಾರೆ. ಕೋಟೆ, ಅರಮನೆ, ಗುಡಿ, ಮಸೀದಿ, ಗಡಿಯಾರದ ಗೋಪುರ. ಕಣ್ಣು ತಗ್ಗಿಸಿ ಕಾಲ ಕೆಳಗಿನ ರಸ್ತೆಯನ್ನು ನೋಡುವವರು ಕಡಿಮೆ. ರಸ್ತೆ ನಮ್ಮ ಮಾತಿಗೆ ಬರುವುದು ಅದರಲ್ಲಿ ಗುಂಡಿ ಬಿದ್ದಾಗ ಮಾತ್ರ. ಆಗಲೂ ನಮ್ಮ ಮಾತು ಒಂದೇ ಒಂದು ತೀರ್ಪಿಗೆ ಹೋಗಿ ನಿಲ್ಲುತ್ತದೆ: ಗುತ್ತಿಗೆದಾರ ತಿಂದ, ಇಂಜಿನಿಯರು ತಿನ್ನಿಸಿದ.

ಈ ತೀರ್ಪಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಬಸವನಗುಡಿಯ ಯಾವುದಾದರೂ ಅಡ್ಡರಸ್ತೆಯನ್ನು ನೋಡಿ. ಅಲ್ಲಿ ಲಾರಿ ಬರುವುದಿಲ್ಲ, ಬಸ್ಸು ಬರುವುದಿಲ್ಲ. ಹಾಲಿನವನ ಸ್ಕೂಟರು, ಶಾಲೆಯ ಮಕ್ಕಳ ಆಟೋ, ಸಂಜೆ ವಾಕಿಂಗ್ ಹೊರಟ ಹಿರಿಯರು. ಆದರೂ ಕೆಲವು ವರ್ಷಗಳಲ್ಲಿ ಆ ರಸ್ತೆಯ ಮೈ ಬೂದಿಬಣ್ಣಕ್ಕೆ ತಿರುಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ, ಜಲ್ಲಿ ಒಂದೊಂದಾಗಿ ಎದ್ದು ಬದಿಗೆ ಸರಿಯುತ್ತದೆ. ಯಾರೂ ತುಳಿಯದ ರಸ್ತೆ ಏಕೆ ಹಾಳಾಯಿತು? ಉತ್ತರ ಸರಳ: ಅದಕ್ಕೆ ವಯಸ್ಸಾಯಿತು. ಡಾಂಬರಿಗೂ ನಮ್ಮ ಹಾಗೆ ಮುಪ್ಪು ಬರುತ್ತದೆ. ಆ ಮುಪ್ಪು ಹೇಗೆ ಬರುತ್ತದೆ, ಅದರಲ್ಲಿ ಪ್ರಕೃತಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ತಿಳಿಯದಿದ್ದರೆ ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎಲ್ಲವನ್ನೂ ಲಂಚದ ಲೆಕ್ಕಕ್ಕೆ ಬರೆದರೆ ಬೇರೆ ಕಾರಣಗಳು ತಪ್ಪಿಸಿಕೊಳ್ಳುತ್ತವೆ. ಎಲ್ಲವನ್ನೂ ಮಳೆಯ ಲೆಕ್ಕಕ್ಕೆ ಬರೆದರೆ ಲಂಚ ತಪ್ಪಿಸಿಕೊಳ್ಳುತ್ತದೆ.

ಪ್ಲೇಗು ಹಾಕಿಸಿದ ಬೀದಿಗಳು

ಹಳೆಯ ಬೆಂಗಳೂರಿನ ಮೂರು ಬಡಾವಣೆಗಳನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಕೆಂಪೇಗೌಡರ ಪೇಟೆಯ ಇಕ್ಕಟ್ಟಿನಿಂದ ಹೊರಬಂದು ನೇರ ಗೆರೆ ಎಳೆದು ಬೀದಿ ಮಾಡಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಆರು ವರ್ಷಗಳ ನಂತರ, 1898ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಗಾಳಿಯಾಡದ ಓಣಿಗಳಲ್ಲಿ ಜನ ಸತ್ತರು, ಉಳಿದವರು ಊರ ಹೊರಗೆ ಓಡಿದರು. ಆ ಭಯದ ಫಲವಾಗಿ ಬೆಳೆದವು ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ. ಅಗಲವಾದ ಬೀದಿ, ಬೀದಿಯ ಇಕ್ಕೆಲಗಳಲ್ಲಿ ಮರ, ಮನೆಗಳ ಹಿಂಬದಿಗೆ ಕಸ ಮತ್ತು ಮಲ ಸಾಗಿಸುವ ಸಣ್ಣ ಗಲ್ಲಿ. ಇದೆಲ್ಲವೂ ಆರೋಗ್ಯದ ದೃಷ್ಟಿಯಿಂದ ಹಾಕಿದ ನಕ್ಷೆ.

ಆಗ ಈ ಬೀದಿಗಳಿಗೆ ಡಾಂಬರು ಇರಲಿಲ್ಲ. ಸ್ಕಾಟ್‌ಲೆಂಡಿನ ಜಾನ್ ಮೆಕ್ಯಾಡಮ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ ಪದ್ಧತಿ ಆ ಕಾಲದ ರಸ್ತೆಗಳ ಮಾದರಿ. ಒಡೆದ ಜಲ್ಲಿಯನ್ನು ಪದರ ಪದರವಾಗಿ ಹರಡಿ, ಮೇಲೆ ಮುರಂ ಮಣ್ಣು ಚೆಲ್ಲಿ, ನೀರು ಹೊಡೆದು, ರೋಲರ್ ಎಳೆದು ಗಟ್ಟಿ ಮಾಡುವುದು. ಎತ್ತಿನ ಗಾಡಿಗೆ, ಜಟಕಾ ಬಂಡಿಗೆ ಇದು ಸಾಕಾಗಿತ್ತು. ಬಂಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆದು ಪುಡಿ ಮಾಡುತ್ತಿತ್ತು, ಆ ಪುಡಿಯೇ ಸಂದುಗಳಲ್ಲಿ ಇಳಿದು ರಸ್ತೆಯನ್ನು ಬಿಗಿ ಮಾಡುತ್ತಿತ್ತು.

ಮೋಟಾರು ಬಂದ ಮೇಲೆ ಈ ಹೊಂದಾಣಿಕೆ ಕೆಟ್ಟಿತು. ಗಾಳಿ ತುಂಬಿದ ರಬ್ಬರ್ ಟಯರು ವೇಗವಾಗಿ ಓಡುವಾಗ ಸಂದಿನ ಪುಡಿಯನ್ನು ಹೀರಿ ಮೇಲಕ್ಕೆಸೆಯುತ್ತದೆ. ರಸ್ತೆ ಸಡಿಲವಾಯಿತು, ಊರು ಧೂಳಾಯಿತು. ಧೂಳಿನ ವಿರುದ್ಧ ಮೊದಲು ದನಿ ಎತ್ತಿದವರಲ್ಲಿ ಒಬ್ಬ ವೈದ್ಯನಿದ್ದ ಎಂಬುದು ಸ್ವಾರಸ್ಯ. ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಗುಗ್ಲಿಯೆಲ್ಮಿನೆಟ್ಟಿ 1902ರಲ್ಲಿ ಮೊನಾಕೊದ ರಸ್ತೆಯ ಮೇಲೆ ಕಾಸಿದ ಟಾರು ಬಳಿಸಿ ಧೂಳು ಅಡಗಿಸಿದ. ಜನ ಅವನಿಗೆ 'ಡಾಕ್ಟರ್ ಟಾರು' ಎಂದೇ ಅಡ್ಡಹೆಸರಿಟ್ಟರು. 1908ರಲ್ಲಿ ಪ್ಯಾರಿಸಿನಲ್ಲಿ ಮೊದಲ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನ ಸೇರಿದಾಗ ದೊಡ್ಡ ಚರ್ಚೆ ನಡೆದದ್ದು ಮೋಟಾರು ಮತ್ತು ಧೂಳಿನ ಬಗ್ಗೆಯೇ. ನಮ್ಮ ದೇಶದಲ್ಲಿ 1927ರ ಜಯಕರ್ ಸಮಿತಿ, 1929ರ ಕೇಂದ್ರ ರಸ್ತೆ ನಿಧಿ, 1934ರ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಈ ಹಾದಿಯಲ್ಲಿ ಬಂದವು. ಪ್ಲೇಗಿನ ಭಯದಿಂದ ಹುಟ್ಟಿದ ಬೀದಿಗಳಿಗೆ ಕಾಲಕ್ರಮದಲ್ಲಿ ಧೂಳಿನ ಭಯದಿಂದ ಹುಟ್ಟಿದ ಡಾಂಬರು ಹೊದಿಕೆ ಬಂತು. ಎರಡರ ಹಿಂದೆಯೂ ಇದ್ದದ್ದು ಆರೋಗ್ಯದ ಚಿಂತೆ.

ರಾಳದ ಹೆಸರು, ಎಣ್ಣೆಯ ಮಗ

ಡಾಂಬರು ಎಂಬ ಪದವೇ ದೂರ ಪ್ರಯಾಣ ಮಾಡಿದೆ. ಮಲಯ ಭಾಷೆಯಲ್ಲಿ ಡಾಮರ್ ಎಂದರೆ ಮರದಿಂದ ಒಸರುವ ರಾಳ. ದೋಣಿಯ ಹಲಗೆಗಳ ಸಂದಿಗೆ ನೀರು ನುಗ್ಗದಂತೆ ಮೆತ್ತುತ್ತಿದ್ದ ವಸ್ತು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರಗಳ ರಾಳವನ್ನೂ ವ್ಯಾಪಾರಿಗಳು ಡಾಮರ್ ಎಂದೇ ಕರೆದರು. ಹಿಂದಿ, ಮರಾಠಿ, ಉರ್ದು, ಕನ್ನಡಗಳಲ್ಲಿ ಆ ಹೆಸರು ಮರದ ರಾಳವನ್ನು ಬಿಟ್ಟು ಕಪ್ಪು ಟಾರಿಗೆ ಅಂಟಿಕೊಂಡಿತು. ಇಂದು ನಾವು ಡಾಂಬರು ಎನ್ನುವುದು ಮರದ್ದೂ ಅಲ್ಲ, ಕಲ್ಲಿದ್ದಲಿನ ಟಾರೂ ಅಲ್ಲ. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್.

ಬಿಟುಮೆನ್ ಮನುಷ್ಯನಿಗೆ ಹೊಸದಲ್ಲ. ಯೂಫ್ರೆಟಿಸ್ ನದಿಯ ದಡದ ಹೀತ್ ಎಂಬಲ್ಲಿ ಅದು ನೆಲದಿಂದ ತಾನಾಗಿ ಉಕ್ಕುತ್ತಿತ್ತು. ಬ್ಯಾಬಿಲೋನಿನ ಗೋಡೆಗಳ ಇಟ್ಟಿಗೆಗೆ ಅದೇ ಗಾರೆಯಾಗಿತ್ತೆಂದು ಹೆರೊಡೋಟಸ್ ಬರೆದಿದ್ದಾನೆ. ಅರಬ್ಬಿಯಲ್ಲಿ ಇದಕ್ಕೆ ಖಾರ್ ಅಥವಾ ಖೀರ್ ಎಂದು ಹೆಸರು. ಇರಾಕಿನ ಮೋಸುಲ್ ಬಳಿ ಇರುವ ಖಯ್ಯಾರಾ ಊರಿನ ಹೆಸರು ಬಂದಿರುವುದೇ ಇದರಿಂದ. 1184ರಲ್ಲಿ ಬಗ್ದಾದಿಗೆ ಬಂದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ ಅಲ್ಲಿನ ಹಮ್ಮಾಮುಗಳ ಗೋಡೆಗೆ ಬಿಟುಮೆನ್ ಬಳಿದಿದ್ದನ್ನು ಕಂಡು, ನೋಡುವವರಿಗೆ ಅದು ಕಪ್ಪು ಅಮೃತಶಿಲೆಯೆಂದೇ ತೋರುವುದೆಂದು ಬೆರಗುಪಟ್ಟ. ಸುಮಾರು ನೂರೈವತ್ತು ವರ್ಷಗಳ ಬಳಿಕ ಬಂದ ಇಬ್ನ್ ಬತೂತಾ ಕೂಡ ಅದನ್ನೇ ಹೇಳುತ್ತಾನೆ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಮ್ಮಾಮಿನ ಗೋಡೆ ನೆರಳಿನಲ್ಲಿತ್ತು. ಬ್ಯಾಬಿಲೋನಿನ ಗಾರೆ ಎರಡು ಇಟ್ಟಿಗೆಗಳ ನಡುವೆ ಗಾಳಿ, ಬೆಳಕು ತಾಗದಂತೆ ಹುದುಗಿತ್ತು. ಆದ್ದರಿಂದಲೇ ಎರಡೂವರೆ ಸಾವಿರ ವರ್ಷಗಳ ಬಳಿಕವೂ ಅಗೆದವರಿಗೆ ಅದು ಸಿಕ್ಕಿತು. ಅದೇ ವಸ್ತುವನ್ನು ಕೂದಲಿಗಿಂತ ತೆಳ್ಳಗೆ ಜಲ್ಲಿಗೆ ಬಳಿದು, ಬಿಸಿಲಿಗೆ ಹರಡಿ, ಮೇಲೆ ಬಸ್ಸು ಓಡಿಸಿದರೆ ಕಥೆ ಬೇರೆಯಾಗುತ್ತದೆ.

ಮುಪ್ಪು ಬರುವ ಬಗೆ

ಡಾಂಬರು ರಸ್ತೆಯ ತೂಕದಲ್ಲಿ ಡಾಂಬರಿನ ಪಾಲು ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದೆಲ್ಲ ಕಲ್ಲು. ಒಂದೊಂದು ಜಲ್ಲಿಯ ಸುತ್ತ ಇರುವ ಡಾಂಬರಿನ ಪೊರೆ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಇಡೀ ರಸ್ತೆ ನಿಂತಿರುವುದು ಆ ಪೊರೆಯ ಮೇಲೆ.

ಆ ಪೊರೆಯಲ್ಲಿ ಎರಡು ಬಗೆಯ ಪದಾರ್ಥಗಳಿವೆ. ಅಸ್ಫಾಲ್ಟೀನ್ ಎಂಬ ಭಾರದ, ಗಡಸು ಕಣಗಳು. ಅವುಗಳನ್ನು ತೇಲಿಸಿ ಹಿಡಿದಿರುವ ಎಣ್ಣೆಯಂಥ, ಅಂಟಿನಂಥ ಮಾಲ್ಟೀನ್‌ಗಳು. ಎಳೆಯ ಡಾಂಬರಿನಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ಒತ್ತಿದರೆ ಬಾಗುತ್ತದೆ, ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಗಾಳಿಯ ಆಮ್ಲಜನಕ ಇದರೊಂದಿಗೆ ಸೇರುತ್ತ ಹೋದಂತೆ ಎಣ್ಣೆಯ ಅಂಶ ಅಂಟಾಗುತ್ತದೆ, ಅಂಟು ಅಸ್ಫಾಲ್ಟೀನಾಗುತ್ತದೆ. ಇದನ್ನು ಅರಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಅಡುಗೆಮನೆಗೆ ಹೋದರೂ ಸಾಕು. ಬಾಣಲೆಯ ಅಂಚಿಗೆ ಹಿಡಿದ ಎಣ್ಣೆ ಮೊದಲು ಜಿಡ್ಡಾಗಿ, ಆಮೇಲೆ ಅಂಟಾಗಿ, ಕೊನೆಗೆ ಚಾಕುವಿನಿಂದ ಕೆರೆದರೂ ಏಳದ ಕಪ್ಪು ಹೊಪ್ಪಳೆಯಾಗುತ್ತದಲ್ಲ, ರಾಸಾಯನಿಕ ವಿವರಗಳು ಬೇರೆಯಾದರೂ ಸ್ವಭಾವದಲ್ಲಿ ಅದು ಇದರ ಹತ್ತಿರದ ಸಂಬಂಧಿ.

ಡಾಂಬರಿನ ಮುಪ್ಪು ಎರಡು ಹಂತಗಳಲ್ಲಿ ಬರುತ್ತದೆ. ಮೊದಲ ಹಂತ ಅಚ್ಚರಿ ಹುಟ್ಟಿಸುವಂಥದ್ದು. ಮಿಶ್ರಣ ಘಟಕದಲ್ಲಿ ಸುಮಾರು 150ರಿಂದ 165 ಡಿಗ್ರಿ ಬಿಸಿಯ ಜಲ್ಲಿಯ ಮೇಲೆ ಡಾಂಬರು ಬಿದ್ದು ತೆಳುವಾಗಿ ಹರಡಿದ ಆ ಕೆಲವೇ ನಿಮಿಷಗಳಲ್ಲಿ, ಮತ್ತೆ ಲಾರಿಯಲ್ಲಿ ಬರುವ ಗಂಟೆಗಳಲ್ಲಿ, ಅದರ ಹಗುರ ಅಂಶ ಆವಿಯಾಗಿ, ಆಮ್ಲಜನಕ ಸೇರಿ, ಅದು ಎಷ್ಟೋ ವರ್ಷಗಳಷ್ಟು ಮುದಿಯಾಗಿಬಿಡುತ್ತದೆ. ಹೊಸ ರಸ್ತೆ ಎಂದು ನಾವು ಸಂಭ್ರಮಿಸುವ ರಸ್ತೆ ಹುಟ್ಟುವಾಗಲೇ ಒಂದಿಷ್ಟು ವಯಸ್ಸನ್ನು ಹೊತ್ತುಕೊಂಡೇ ಬರುತ್ತದೆ. ಸೌದೆ ಒಲೆಯ ಮೇಲೆ ಡಾಂಬರಿನ ಡ್ರಮ್ಮುಗಳನ್ನು ಅಳತೆಯಿಲ್ಲದೆ ಕುದಿಸುತ್ತಿದ್ದ ಕಾಲದಲ್ಲಿ ಹೆಚ್ಚು ಕಾದ ಡಾಂಬರು ರಸ್ತೆಗೆ ಬೀಳುವ ಮೊದಲೇ ಅರ್ಧ ಸತ್ತಿರುತ್ತಿತ್ತು. ಹೊಗೆಯಲ್ಲಿ ನಿಂತು ಬಾಂಡ್ಲಿ ಹೊತ್ತ ಕೂಲಿಗಳ ಎದೆಯನ್ನೂ ಅದು ಬಿಟ್ಟಿಲ್ಲ. ರಸ್ತೆ ಕೆಲಸದ ಬಿಟುಮೆನ್ ಹೊಗೆಯನ್ನು ಕ್ಯಾನ್ಸರಿಗೆ ಕಾರಣವಾಗಿರಬಹುದಾದ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಸೇರಿಸಿತು.

ಎರಡನೆಯ ಹಂತ ನಿಧಾನ. ವರ್ಷಗಟ್ಟಲೆ ಗಾಳಿ, ಬಿಸಿಲು, ನೀರು. ಇಲ್ಲಿ ನಿರ್ಣಾಯಕವಾಗುವುದು ರಸ್ತೆಯೊಳಗಿನ ಗಾಳಿಯ ಸಂದುಗಳು. ರೋಲರ್ ಸರಿಯಾಗಿ ಓಡಿದ್ದರೆ ಆ ಸಂದುಗಳು ಸಣ್ಣವಾಗಿ, ಬಿಡಿಬಿಡಿಯಾಗಿ ಮುಚ್ಚಿರುತ್ತವೆ. ಮಿಶ್ರಣ ತಣ್ಣಗಾದ ಮೇಲೆ ರೋಲರ್ ಎಳೆದರೆ, ಅಥವಾ ಎರಡು ಸುತ್ತು ಕಡಿಮೆ ಎಳೆದರೆ, ಸಂದುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅವುಗಳ ಪ್ರಮಾಣ ನೂರಕ್ಕೆ ಏಳೆಂಟನ್ನು ದಾಟಿತೆಂದರೆ ಗಾಳಿಯೂ ನೀರೂ ಒಳಗೆ ಸಲೀಸಾಗಿ ಓಡಾಡುತ್ತವೆ. ಮೇಲ್ಮೈಯಲ್ಲಿ ಮಾತ್ರ ಬರಬೇಕಾದ ಮುಪ್ಪು ಆಳಕ್ಕೆ ಇಳಿಯುತ್ತದೆ. ಕಳ್ಳತನ ನಡೆಯುವುದು ಡಾಂಬರು ಕಡಿಮೆ ಹಾಕುವುದರಲ್ಲಿ ಮಾತ್ರವಲ್ಲ, ರೋಲರ್ ಕಡಿಮೆ ಓಡಿಸುವುದರಲ್ಲೂ ನಡೆಯುತ್ತದೆ. ಮೊದಲನೆಯದು ಬಣ್ಣದಲ್ಲಿ ಗೊತ್ತಾಗಬಹುದು. ಎರಡನೆಯದು ಬರಿಗಣ್ಣಿಗೆ ಕಾಣುವುದಿಲ್ಲ.

ಈ ಮುಪ್ಪನ್ನು ವಿಜ್ಞಾನಿಗಳು ಅಳೆಯಲು ಹೊರಟು ನೂರು ವರ್ಷ ದಾಟಿದೆ. 1913ರಲ್ಲಿ ಅಮೆರಿಕದ ಹಬ್ಬರ್ಡ್ ಮತ್ತು ರೀವ್ ಡಾಂಬರಿನ ಮಾದರಿಗಳನ್ನು ಬಯಲಿನಲ್ಲಿ ಗಾಳಿ ಬಿಸಿಲಿಗೆ ಒಡ್ಡಿ, ಅವು ಗಟ್ಟಿಯಾಗುವುದು ಆವಿಯಾಗುವುದರಿಂದ ಮಾತ್ರವಲ್ಲ, ಆಮ್ಲಜನಕ ಸೇರುವುದರಿಂದ ಕೂಡ ಎಂದು ಹೇಳಿದರು. ಇಂದು ಮೊದಲ ಹಂತದ ಮುಪ್ಪನ್ನು ತಿಳಿಯಲು ಡಾಂಬರನ್ನು ಗಾಜಿನ ಸೀಸೆಗಳಲ್ಲಿ ಹಾಕಿ 163 ಡಿಗ್ರಿ ಬಿಸಿಯಲ್ಲಿ 85 ನಿಮಿಷ ತಿರುಗಿಸಿ ಗಾಳಿ ಊದುತ್ತಾರೆ. ಎರಡನೆಯ ಹಂತಕ್ಕೆ, ಸುತ್ತಲ ವಾತಾವರಣದ ಇಪ್ಪತ್ತು ಪಟ್ಟು ಒತ್ತಡದ ಪಾತ್ರೆಯಲ್ಲಿ ಸುಮಾರು 100 ಡಿಗ್ರಿಯಲ್ಲಿ 20 ಗಂಟೆ ಇಡುತ್ತಾರೆ. ರಸ್ತೆಯ ಮೇಲೆ ಹಲವು ವರ್ಷ ಬೇಕಾದದ್ದನ್ನು ಒಂದು ದಿನದೊಳಗೆ ಕಾಣುವ ಉಪಾಯ ಇದು.

ಗಟ್ಟಿ ಬೇರೆ, ಪೆಡಸು ಬೇರೆ

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಮುದಿ ಡಾಂಬರು ಮೆತ್ತಗಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜ ಅದಕ್ಕೆ ವಿರುದ್ಧ. ವಯಸ್ಸಾದಂತೆ ಅದು ಗಡಸಾಗುತ್ತದೆ. ಹಳೆಯ ರಸ್ತೆ ಭಾರಕ್ಕೆ ಕಡಿಮೆ ಬಾಗುತ್ತದೆ, ಬೇಸಗೆಯಲ್ಲಿ ಬಸ್ಸಿನ ಗಾಲಿಯ ಜಾಡು ಅದರಲ್ಲಿ ಹೊಸ ರಸ್ತೆಯಷ್ಟು ಮೂಡುವುದಿಲ್ಲ. ಒಂದು ಅಳತೆಗೋಲಿನಿಂದ ನೋಡಿದರೆ ಅದು ಮೊದಲಿಗಿಂತ 'ಗಟ್ಟಿ'.

ಕನ್ನಡದಲ್ಲಿ ಗಟ್ಟಿ ಎಂಬುದಕ್ಕೂ ಪೆಡಸು ಎಂಬುದಕ್ಕೂ ವ್ಯತ್ಯಾಸವಿದೆ. ಬಿದಿರು ಗಟ್ಟಿ, ಒಣಗಿದ ಕಬ್ಬಿನ ಸಿಪ್ಪೆ ಪೆಡಸು. ಎಳೆಯ ಡಾಂಬರಿನ ಗುಣ ಏನೆಂದರೆ, ಅದು ತನ್ನೊಳಗೆ ಸೇರಿದ ಬಿಗಿತವನ್ನು ನಿಧಾನವಾಗಿ ಸಡಿಲಿಸಿಕೊಳ್ಳಬಲ್ಲುದು. ರಾತ್ರಿಯ ಚಳಿಗೆ ರಸ್ತೆ ಕುಗ್ಗಲು ನೋಡಿದಾಗ, ಬಸ್ಸಿನ ಗಾಲಿ ಒತ್ತಿ ಹೋದಾಗ, ಅದು ಒಂದಿಷ್ಟು ಹರಿದು, ಜರುಗಿ ಹೊಂದಿಕೊಳ್ಳುತ್ತದೆ. ಮುಪ್ಪು ಕಸಿದುಕೊಳ್ಳುವುದು ಈ ಹರಿಯುವ ಗುಣವನ್ನು. ಬಿಗಿತ ಒಳಗೇ ಕೂಡಿಡುತ್ತ ಹೋಗಿ, ಒಂದು ದಿನ ಬಿರುಕಾಗಿ ಹೊರಬರುತ್ತದೆ. ಮೇಲ್ಮೈ ಹೆಚ್ಚು ಮುದಿಯಾಗಿರುವುದರಿಂದ ಎಷ್ಟೋ ಬಿರುಕುಗಳು ಮೇಲಿನಿಂದ ಹುಟ್ಟಿ ಕೆಳಕ್ಕೆ ಇಳಿಯುತ್ತವೆ.

ಹಳೆಯ ಕಾಲದ ಸೂಜಿ ಪರೀಕ್ಷೆ ಇದನ್ನು ಸರಳವಾಗಿ ತೋರಿಸುತ್ತದೆ. 25 ಡಿಗ್ರಿಯಲ್ಲಿ 100 ಗ್ರಾಂ ಭಾರದ ಸೂಜಿ ಐದು ಸೆಕೆಂಡಿನಲ್ಲಿ ಡಾಂಬರಿನೊಳಗೆ ಎಷ್ಟು ಇಳಿಯುತ್ತದೆ ಎಂದು ಮಿಲಿಮೀಟರಿನ ಹತ್ತನೆಯ ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ 80/100 ಎಂಬ ದರ್ಜೆಯ ಅರ್ಥ ಸೂಜಿ 8ರಿಂದ 10 ಮಿಲಿಮೀಟರ್ ಇಳಿಯಬೇಕು ಎಂಬುದು. ರಸ್ತೆಯಿಂದ ಕಿತ್ತು ತೆಗೆದ ಡಾಂಬರಿನಲ್ಲಿ ಸೂಜಿ 2 ಮಿಲಿಮೀಟರಿಗಿಂತ ಕಡಿಮೆ ಇಳಿದರೆ ಆ ರಸ್ತೆಗೆ ಬಿರುಕು ಕಟ್ಟಿಟ್ಟ ಬುತ್ತಿ. 2006ರಲ್ಲಿ ಭಾರತೀಯ ಮಾನಕ ಸಂಸ್ಥೆ ಸೂಜಿಯ ದರ್ಜೆಯನ್ನು ಬಿಟ್ಟು, ಬಿಸಿಯಲ್ಲಿ ಡಾಂಬರಿನ ಸ್ನಿಗ್ಧತೆಯನ್ನು ಅಳೆಯುವ ವಿ.ಜಿ. ದರ್ಜೆಗಳನ್ನು ತಂದಿತು. 25 ಡಿಗ್ರಿಯಲ್ಲಿ ಒಂದೇ ಥರ ಕಾಣುವ ಎರಡು ಡಾಂಬರು 60 ಡಿಗ್ರಿಯ ರಸ್ತೆಯ ಮೇಲೆ ಬೇರೆ ಬೇರೆ ಥರ ನಡೆದುಕೊಳ್ಳುವುದೇ ಇದಕ್ಕೆ ಕಾರಣ.

ಬಿರುಕಿನ ನಂತರ ನೀರಿನ ಸರದಿ. ಬೆಂಗಳೂರಿನ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಕಲ್ಲು. ಲಾಲ್‌ಬಾಗಿನ ಬಂಡೆಯ ಬಳಗದ್ದು, ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಬಲದಲ್ಲಿ ಅದನ್ನು ಮೀರಿಸುವ ಕಲ್ಲು ಅಪರೂಪ. ಆದರೆ ಸಿಲಿಕಾ ಹೆಚ್ಚಿರುವ ಈ ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಬಿರುಕಿನಿಂದ ಇಳಿದ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಪೊರೆಯನ್ನು ಸುಲಿಯುತ್ತದೆ. ಗಾಲಿ ಹಾದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ ಪಂಪಿನಂತೆ ಕೆಲಸ ಮಾಡುತ್ತದೆ. ಜಲ್ಲಿ ಕಿತ್ತುಬರುತ್ತದೆ, ಗುಂಡಿಯಾಗುತ್ತದೆ. ನಾವು ಗುಂಡಿಯನ್ನು ಮಳೆಗಾಲದಲ್ಲಿ ಕಾಣುತ್ತೇವೆ. ಅದರ ಕಾರಣ ಹಿಂದಿನ ಹಲವು ಬೇಸಗೆಗಳಲ್ಲಿ ಹುಟ್ಟಿರುತ್ತದೆ. ಆ ಗುಂಡಿಗೆ ಬಿದ್ದು ಪ್ರಾಣ ಕಳೆದುಕೊಂಡ ದ್ವಿಚಕ್ರ ಸವಾರನ ಮನೆಯವರಿಗೆ ಇದು ಸಮಾಧಾನದ ಮಾತಲ್ಲ. ಆದರೆ ಬೇಸಗೆಯಲ್ಲೇ ಬಿರುಕು ಮುಚ್ಚಿದ್ದರೆ ಆತ ಉಳಿಯುತ್ತಿದ್ದ ಎಂಬುದು ಅಧಿಕಾರಿಗಳಿಗೆ ಹೇಳಲೇಬೇಕಾದ ಮಾತು.

ನೆರಳಿನ ಲೆಕ್ಕ

ಹೈದರ್ ಅಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದಾಗ ಅದೊಂದು ಅರಸನ ತೋಟ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ಬಂದ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತು, ಊರಿನ ಬೀದಿಗಳಿಗೆ ವರ್ಷವಿಡೀ ಒಂದರ ಹಿಂದೆ ಒಂದು ಹೂಬಿಡುವ ಮರಗಳನ್ನು ಆರಿಸಿ ನೆಡಿಸಿದ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರಿಗೆ ಊರಿನ ಚೆಲುವು ಆಡಳಿತದ ಭಾಗವೇ ಆಗಿತ್ತು. ಮಲ್ಲೇಶ್ವರದಲ್ಲಂತೂ ರಸ್ತೆಗಳ ಹೆಸರೇ ಮರದ ಹೆಸರು: ಸಂಪಿಗೆ ರಸ್ತೆ, ಬೇವಿನ ಇಂಗ್ಲಿಷ್ ಹೆಸರು ಹೊತ್ತ ಮಾರ್ಗೋಸಾ ರಸ್ತೆ.

ಇವರೆಲ್ಲ ಚೆಲುವಿಗಾಗಿ, ನೆರಳಿಗಾಗಿ ಮರ ನೆಟ್ಟರು. ತಾವು ಡಾಂಬರಿನ ಆಯಸ್ಸನ್ನೂ ಹೆಚ್ಚಿಸುತ್ತಿದ್ದೇವೆ ಎಂದು ಅವರು ಲೆಕ್ಕ ಹಾಕಿರಲಾರರು. ಆದರೆ ಆ ಲೆಕ್ಕ ಈಗ ನಮ್ಮ ಮುಂದಿದೆ. ಬೆಂಗಳೂರಿನ ಬೀದಿ ಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿಲ್ಲದ ರಸ್ತೆಗೆ ಹೋಲಿಸಿದರೆ ಮರವಿರುವ ರಸ್ತೆಯಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ ಕಡಿಮೆ. ಡಾಂಬರಿನ ಮೇಲ್ಮೈಯ ಉಷ್ಣತೆಯಂತೂ 27.5 ಡಿಗ್ರಿಯವರೆಗೆ ಕಡಿಮೆ.

ಈ ಎರಡನೆಯ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲೋಣ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಕಾಲೇಜಿನ ಹುಡುಗರೂ ಬಲ್ಲ ಒರಟು ಲೆಕ್ಕ. ನಡುಹಗಲಿನ ಕೆಲವು ಗಂಟೆಗಳಿಗಷ್ಟೇ ಈ ವ್ಯತ್ಯಾಸ ಇರುತ್ತದೆಂದು ಒಪ್ಪಿದರೂ, ಬಿಸಿಲಿನ ರಸ್ತೆ ನೆರಳಿನ ರಸ್ತೆಗಿಂತ ಎಷ್ಟು ಬೇಗ ಮುದಿಯಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಸೂರ್ಯನ ಅತಿನೇರಳೆ ಕಿರಣದ ಪೆಟ್ಟೂ ಮೇಲಿನ ಕೆಲವು ಮಿಲಿಮೀಟರುಗಳಿಗೆ ಇದರ ಜೊತೆಗೆ ಬೀಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ 48 ಬೀದಿ ತುಂಡುಗಳನ್ನು ನೆರಳಿನದು, ಬಿಸಿಲಿನದು ಎಂದು ಜೋಡಿ ಮಾಡಿ ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ನೆರಳಿನ ರಸ್ತೆಗಳ ಸ್ಥಿತಿ ಉತ್ತಮವೆಂದೇ ಕಂಡಿತು.

ಮರದ ಬೇರು ರಸ್ತೆಯನ್ನು ಎತ್ತುತ್ತದೆ, ಎಲೆ ಚರಂಡಿಗೆ ಅಡ್ಡವಾಗುತ್ತದೆ, ಮಳೆ ನಿಂತ ಮೇಲೂ ಕೊಂಬೆಯಿಂದ ನೀರು ತೊಟ್ಟಿಕ್ಕುತ್ತದೆ ಎಂದು ಇಂಜಿನಿಯರುಗಳು ಹೇಳುವುದೂ ಸುಳ್ಳಲ್ಲ. ಆದರೆ ರಸ್ತೆ ಅಗಲ ಮಾಡಲು ಮರ ಕಡಿಯುವಾಗ ಹಾಕುವ ಖರ್ಚಿನ ಪಟ್ಟಿಯಲ್ಲಿ ಸೌದೆಯ ಬೆಲೆ ಇರುತ್ತದೆ, ನೆರಳಿನ ಬೆಲೆ ಇರುವುದಿಲ್ಲ. 2011ರಲ್ಲಿ ಮಲ್ಲೇಶ್ವರದ ಸ್ಯಾಂಕಿ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಬೀದಿಗಿಳಿದರು. ಅವರನ್ನು ಹಕ್ಕಿ ಹೂವಿನ ಮೇಲೆ ಮೋಹವಿರುವ ಮಂದಿ ಎಂದು ನೋಡುವುದು ಸುಲಭ. ಸಾರ್ವಜನಿಕರ ಹಣದ ಲೆಕ್ಕವೂ ಅವರ ಪರವಾಗಿತ್ತು.

ಅಗೆತ ಮತ್ತು ಕೌದಿ

ಈ ಬಡಾವಣೆಗಳ ನೆಲದೊಳಗೆ ಇನ್ನೊಂದು ಚರಿತ್ರೆ ಹೂತಿದೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. 1964ರಲ್ಲಿ ಜಲಮಂಡಳಿ ಹುಟ್ಟಿತು, 1974ರಲ್ಲಿ ಕಾವೇರಿ ನೀರು ಬಂತು. ಆಮೇಲೆ ಟೆಲಿಫೋನ್ ಕೇಬಲ್, ಆಪ್ಟಿಕಲ್ ಫೈಬರ್, ಅಡುಗೆ ಅನಿಲ. ಪ್ರತಿಯೊಂದೂ ಜನರಿಗೆ ಬೇಕಾದದ್ದೇ. ಆದರೆ ಒಂದೊಂದು ಬಂದಾಗಲೂ ಬೀದಿಯ ಹೊಟ್ಟೆ ಸೀಳಲಾಯಿತು.

ಅಗೆದು ಮುಚ್ಚಿದ ಜಾಗದಲ್ಲಿ ಹಾಕುವ ತೇಪೆಗೂ ಸುತ್ತಲ ಹಳೆಯ ರಸ್ತೆಗೂ ವಯಸ್ಸು ಬೇರೆ. ಒಂದು ಮೆತ್ತಗೆ ಬಾಗುತ್ತದೆ, ಇನ್ನೊಂದು ಪೆಡಸಾಗಿ ನಿಲ್ಲುತ್ತದೆ. ಎರಡರ ಅಂಚು ಒಂದಾಗುವುದಿಲ್ಲ. ಉತ್ತರ ಕರ್ನಾಟಕದ ಹೆಂಗಸರು ಹೊಲಿಯುವ ಕೌದಿಯೂ ತೇಪೆಗಳದ್ದೇ. ಆದರೆ ಅದಕ್ಕೆ ಒತ್ತಾದ ಹೊಲಿಗೆಯಿದೆ, ಆದ್ದರಿಂದ ಅದು ತಲೆಮಾರು ಬಾಳುತ್ತದೆ. ನಮ್ಮ ರಸ್ತೆಯ ತೇಪೆಗೆ ಹೊಲಿಗೆಯಿಲ್ಲ. ಅಂಚನ್ನು ನೇರವಾಗಿ ಕತ್ತರಿಸಿ, ಧೂಳು ಗುಡಿಸಿ, ಡಾಂಬರು ಸವರಿ, ಒತ್ತಿ ಮುಚ್ಚಿದರೆ ಅದೇ ಹೊಲಿಗೆ. ಅದನ್ನು ಮಾಡುವ ತಾಳ್ಮೆ ಬೇಕು.

ತೇಪೆಗಳು ಹೆಚ್ಚಾದಾಗ ಚುನಾವಣೆಯ ಹೊತ್ತಿಗೆ ಮೇಲೊಂದು ಹೊಸ ಪದರ ಬರುತ್ತದೆ. ಕೆಳಗಿನ ಮುದಿ ಪದರದ ಬಿರುಕುಗಳು ಒಂದೆರಡು ವರ್ಷದಲ್ಲಿ ಹೊಸ ಪದರದ ಮೇಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮೂಡುತ್ತವೆ. ಮತ್ತೊಂದು ಪದರ ಬರುತ್ತದೆ. ಹೀಗೆ ಪದರದ ಮೇಲೆ ಪದರ ಬಂದು ಬೀದಿಯ ಮಟ್ಟ ಏರಿದೆ. ಚಾಮರಾಜಪೇಟೆಯ ಎಷ್ಟೋ ಹಳೆಯ ಮನೆಗಳಿಗೆ ಒಂದು ಕಾಲದಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾಗಿತ್ತು. ಈಗ ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ಬೀದಿಯ ನೀರು ಮನೆಯೊಳಗೆ. ಹಳೆಯ ಪದರವನ್ನು ಕೆರೆದು ತೆಗೆದು, ಅದೇ ಜಲ್ಲಿಯನ್ನು ಹೊಸ ಡಾಂಬರಿನೊಂದಿಗೆ ಮರುಬಳಸುವ ವಿಧಾನ ಇದೆ. ಮುದಿ ಡಾಂಬರಿಗೆ ಕಳೆದುಹೋದ ಎಣ್ಣೆಯ ಅಂಶವನ್ನು ಮತ್ತೆ ಸೇರಿಸುವ ದ್ರವಗಳೂ ಇವೆ. ಕಲ್ಲಿನ ಗಣಿಗಾಗಿ ಗುಡ್ಡಗಳನ್ನೇ ಕರಗಿಸುತ್ತಿರುವ ನಾಡಿಗೆ ಇದು ಸಣ್ಣ ಉಳಿತಾಯವಲ್ಲ.

2017ರ ನಂತರ ಬೆಂಗಳೂರಿನ ದೊಡ್ಡ ರಸ್ತೆಗಳಿಗೆ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸುವ ವೈಟ್ ಟಾಪಿಂಗ್ ಬಂದಿದೆ. ಕಾಂಕ್ರೀಟಿಗೆ ಡಾಂಬರಿನ ಥರದ ಮುಪ್ಪು ಇಲ್ಲ ಎಂಬುದು ನಿಜ. ಆದರೆ ಅಗೆಯುವ ಚಟ ಬಿಡದ ಊರಿನಲ್ಲಿ ಕಾಂಕ್ರೀಟ್ ಅಗೆಯುವುದು ಇನ್ನೂ ದುಬಾರಿ.

ಚಿಂದಿಯಿಂದ ಬಂದ ಪಾಠ

ಈ ಕಥೆಯಲ್ಲಿ ಬೆಂಗಳೂರಿನ ಇಬ್ಬರು ಅಣ್ಣತಮ್ಮಂದಿರನ್ನು ನೆನೆಯದಿದ್ದರೆ ಅಪೂರ್ಣ. ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಕೆ. ಅಹಮದ್ ಖಾನ್ ಮತ್ತು ರಸೂಲ್ ಖಾನ್, ತೊಂಬತ್ತರ ದಶಕದ ಕೊನೆಗೆ ಪ್ಲಾಸ್ಟಿಕ್ ಕಸದ ವಿರುದ್ಧ ಜನರ ಸಿಟ್ಟು ಏರಿದಾಗ, ತಮ್ಮ ಸರಕು ಊರಿಗೆ ಹೊರೆಯಾಗಿದೆ ಎಂಬುದನ್ನು ಅಲ್ಲಗಳೆಯಲಿಲ್ಲ. ಬಿಸಾಡಿದ ಪ್ಲಾಸ್ಟಿಕ್ಕನ್ನು ಚೂರು ಮಾಡಿ ಡಾಂಬರಿಗೆ ಬೆರೆಸುವ ಪ್ರಯೋಗಕ್ಕೆ ಇಳಿದರು. ಚಿಂದಿ ಆಯುವವರಿಂದ ದುಡ್ಡು ಕೊಟ್ಟು ಪ್ಲಾಸ್ಟಿಕ್ ಕೊಂಡರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಇದನ್ನು ಪರೀಕ್ಷಿಸಿ, ಡಾಂಬರಿನ ತೂಕದ ನೂರಕ್ಕೆ 8ರಷ್ಟು ಸಂಸ್ಕರಿಸಿದ ಪ್ಲಾಸ್ಟಿಕ್ ಸೇರಿಸಿದರೆ ಮಿಶ್ರಣದ ಬಲ ಹೆಚ್ಚುವುದೆಂದು 2002ರಲ್ಲಿ ವರದಿ ಮಾಡಿದರು. ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹೆದ್ದಾರಿ ಶಾಸ್ತ್ರ ಕಲಿಯುವ ಪಠ್ಯಪುಸ್ತಕದ ಇಬ್ಬರು ಲೇಖಕರಲ್ಲಿ ಈ ಜಸ್ಟೊ ಒಬ್ಬರು. ಅದೇ ಹೊತ್ತಿಗೆ ಮಧುರೈನಲ್ಲಿ ಪ್ರೊಫೆಸರ್ ವಾಸುದೇವನ್ ಬಿಸಿ ಜಲ್ಲಿಗೇ ಪ್ಲಾಸ್ಟಿಕ್ ಲೇಪಿಸುವ ದಾರಿ ಹಿಡಿದಿದ್ದರು. 2013ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿ ಹೊರಡಿಸಿತು.

ಪ್ಲಾಸ್ಟಿಕ್ ಲೇಪ ಕಲ್ಲಿಗೆ ನೀರು ತಾಗದಂತೆ ಕಾಯುತ್ತದೆ ಎಂಬುದು ಇದರ ದೊಡ್ಡ ಲಾಭ. ರಸ್ತೆ ಸವೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಚರಂಡಿಗೆ, ಕೆರೆಗೆ ಸೇರುವವೇ ಎಂಬ ಪ್ರಶ್ನೆಯನ್ನು ಪರಿಸರದ ಚಿಂತನೆಯುಳ್ಳವರು ಎತ್ತಿದ್ದಾರೆ. ಅದನ್ನೂ ತೂಗಿ ನೋಡಬೇಕು. ಆದರೆ ತಾವು ಮಾಡಿದ ಸರಕಿನ ಕೊನೆಗಾಲದ ಹೊಣೆಯನ್ನು ತಾವೇ ಹೊರಲು ಮುಂದಾದ ಆ ಸೋದರರ ನಡೆ, ರಸ್ತೆ ಮಾಡಿಸುವವರಿಗೂ ಒಂದು ಪಾಠವಾಗಬೇಕು.

ಕೇಳಬೇಕಾದ ಪ್ರಶ್ನೆಗಳು

ಈ ಬೀದಿಗಳ ಒಡೆತನ ಮೈಸೂರು ಸಂಸ್ಥಾನದ ಪುರಸಭೆಯಿಂದ 1949ರಲ್ಲಿ ಕಾರ್ಪೊರೇಷನ್ನಿಗೆ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿಯ ಐದು ಪಾಲಿಕೆಗಳಿಗೆ ಕೈ ಬದಲಾಯಿಸಿತು. ಫಲಕದ ಹೆಸರು ಬದಲಾದ ಮಾತ್ರಕ್ಕೆ ಡಾಂಬರಿನ ಸ್ವಭಾವ ಬದಲಾಗುವುದಿಲ್ಲ.

ಆದ್ದರಿಂದ ವಾರ್ಡಿನ ಸಭೆಗೆ ಹೋಗುವ ನಾಗರಿಕರು 'ರಸ್ತೆ ಯಾವಾಗ ಹಾಕುತ್ತೀರಿ' ಎಂದು ಕೇಳುವುದರ ಜೊತೆಗೆ ಇನ್ನು ಕೆಲವನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ. ಘಟಕದಿಂದ ಬಂದ ಮಿಶ್ರಣದ ಉಷ್ಣತೆಯನ್ನು ಸ್ಥಳದಲ್ಲಿ ಅಳೆದವರು ಯಾರು? ರೋಲರ್ ಓಡಿದ ಮೇಲೆ ರಸ್ತೆಯಿಂದ ಬಿಲ್ಲೆ ಕೊರೆದು ಗಾಳಿಯ ಸಂದು ಎಷ್ಟಿದೆ ಎಂದು ನೋಡಿದ್ದಾರೆಯೇ? ಹೊಸ ಪದರ ಹಾಕುವ ಮೊದಲು ಕೆಳಗಿನ ಪದರದ ವಯಸ್ಸು, ಬಿರುಕು ಪರೀಕ್ಷಿಸಿದ್ದಾರೆಯೇ, ಹಳೆಯದನ್ನು ಕೆರೆದಿದ್ದಾರೆಯೇ? ನೀರು, ಒಳಚರಂಡಿ, ಕೇಬಲಿನವರು ತಮ್ಮ ಅಗೆತವನ್ನು ಮೊದಲೇ ಮುಗಿಸಿದ್ದಾರೆಯೇ? ಮೂರು ನಾಲ್ಕನೆಯ ವರ್ಷದಲ್ಲಿ, ಮೈ ಬೂದಿಯಾಗಿ ಕೂದಲೆಳೆ ಬಿರುಕು ಕಂಡಾಗಲೇ, ತೆಳು ಲೇಪ ಕೊಟ್ಟು ಮುಚ್ಚಲು ಹಣ ತೆಗೆದಿಟ್ಟಿದ್ದಾರೆಯೇ? ಕಡಿಯಲು ಹೊರಟ ಮರದ ನೆರಳಿಗೆ ಎಷ್ಟು ಬೆಲೆ ಕಟ್ಟಿದ್ದಾರೆ? ಕಾದ ಮಿಶ್ರಣದ ಮುಂದೆ ನಿಂತ ಕೂಲಿಗೆ ಬೂಟು, ಕೈಗವಸು, ಮುಖಗವಸು ಇದೆಯೇ?

ಡಾಂಬರಿಗೆ ಮುಪ್ಪು ಬರುವುದನ್ನು ಯಾವ ಸರ್ಕಾರವೂ ತಡೆಯಲಾರದು. ಆದರೆ ಹದಿನೈದು ವರ್ಷ ಬಾಳಬೇಕಾದ ರಸ್ತೆ ಮೂರು ವರ್ಷಕ್ಕೆ ಮುದಿಯಾದರೆ ಅದು ಮುಪ್ಪಲ್ಲ. ಪ್ಲೇಗಿಗೆ ಬೆದರಿದ ಒಂದು ತಲೆಮಾರು ಮುಂದಿನವರ ಉಸಿರಿಗೆಂದು ಬೀದಿಯನ್ನು ಅಗಲ ಮಾಡಿ ಮರ ನೆಟ್ಟು ಹೋಯಿತು. ಆ ಬೀದಿಗಳನ್ನು ಬಳಸುತ್ತಿರುವ ನಾವು ಅವುಗಳ ಮೇಲ್ಪದರದ ಲೆಕ್ಕವನ್ನಾದರೂ ನೆಟ್ಟಗೆ ಇಡಬೇಕು.